ಯೂರ್ಗೋರ್ಡನ್: ಟ್ರಾಮೋ, ದೋಣಿಯೋ, ನಡಿಗೆಯೋ?

ಸ್ಟಾಕ್‌ಹೋಮ್‌ನ ಯೂರ್ಗೋರ್ಡನ್ ದ್ವೀಪಕ್ಕೆ ಮೂರು ದಿನ, ಮೂರು ಥರ ಹೋಗಿ ಬಂದೆ.

ಮೊದಲ ದಿನ ಏಳನೇ ನಂಬರಿನ ಟ್ರಾಮು. ಸೇತುವೆ ದಾಟುತ್ತಿದ್ದಂತೆ ನಾರ್ಡಿಕ್ ಮ್ಯೂಸಿಯಂ, ಅದರ ಬೆನ್ನಿಗೇ ವಾಸಾ ಹಡಗಿನ ಮ್ಯೂಸಿಯಂ. ಮಳೆ ಬಂದರೆ, ಮಂಡಿ ನೋಯುತ್ತಿದ್ದರೆ ಇದಕ್ಕಿಂತ ಸುಖವಿಲ್ಲ. ಟಿಕೆಟ್ 75 ನಿಮಿಷ ನಡೆಯುತ್ತದೆ. ಅದರಲ್ಲೇ ವಾಪಸ್ಸೂ ಆಗಬಹುದು ಅಂತ ಲೆಕ್ಕ ಹಾಕಿದ್ದೆ. ವಾಸಾ ಒಳಗೇ ಮೂರು ಗಂಟೆ ಹೋಯಿತು!

ವಾಸಾ ಅಂದರೆ 1628ರ ಆಗಸ್ಟ್ 10ರಂದು, ಮೊದಲ ಪಯಣದಲ್ಲೇ, ಸುಮಾರು 1,300 ಮೀಟರ್ ಸಾಗಿ ಮುಳುಗಿದ ಯುದ್ಧನೌಕೆ. ಮೇಲ್ಗಡೆ ಭಾರ ಜಾಸ್ತಿ. ಗಾಳಿಗೆ ವಾಲಿದ್ದೇ ತಡ, ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಬಾಲ್ಟಿಕ್ ನೀರಿಗೆ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬಾಳುವುದಿಲ್ಲ. ಹಾಗಾಗಿ 1961ರಲ್ಲಿ ಎತ್ತಿದಾಗ ಹಡಗು ಹೆಚ್ಚುಕಡಿಮೆ ಇಡಿಯಾಗಿಯೇ ಬಂತು. ನನ್ನ ಕಣ್ಣು ನೆಟ್ಟದ್ದು ಆ ಕಿಂಡಿಗಳ ಮುಚ್ಚಳದ ಮೇಲೆ. ಒಳಮೈಗೆ ಸಿಂಹದ ಮುಖ ಕೆತ್ತಿದ್ದಾರೆ, ಮುಚ್ಚಳ ಮೇಲೆತ್ತಿದಾಗಷ್ಟೇ ಎದುರಾಳಿಗೆ ಕಾಣಲಿ ಅಂತ. ಅಂದು ಸಿಂಹಗಳನ್ನು ನೋಡಿದ್ದು ದಡದಲ್ಲಿ ನಿಂತಿದ್ದ ಸ್ವಂತ ಊರಿನ ಜನವೇ. (ಒಳಗೆ ಮಬ್ಬುಗತ್ತಲು, ತಣ್ಣಗಿರುತ್ತದೆ. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ.)

ದೋಣಿ ಹತ್ತಿದ್ದು ಸ್ಲುಸೆನ್‌ನಲ್ಲಿ, ಅದೇ ಥರದ ಟಿಕೆಟ್ಟಿನಲ್ಲಿ. ಹತ್ತೇ ನಿಮಿಷ, ಆದರೆ ಇಡೀ ಊರು ನೀರಿನ ಮೇಲಿಂದ ಕಾಣುತ್ತದೆ. ಇಳಿಯುವುದು ಗ್ರೋನಾ ಲುಂಡ್ ಅನ್ನೋ ಅಮ್ಯೂಸ್‌ಮೆಂಟ್ ಪಾರ್ಕಿನ ಪಕ್ಕದಲ್ಲಿ. ಹಗ್ಗ ಕಟ್ಟುವ ಮೊದಲೇ ರೋಲರ್ ಕೋಸ್ಟರಿನ ಕಿರುಚಾಟ ಕಿವಿಗೆ ಬಿತ್ತು. ಅಲ್ಲಿಂದ ಸ್ಕಾನ್ಸೆನ್ ಹತ್ತಿರ. 1891ರಲ್ಲಿ ಹಾಜೆಲಿಯಸ್ ಎಂಬ ಜಾನಪದ ಸಂಗ್ರಾಹಕ ಶುರು ಮಾಡಿದ ಬಯಲು ಮ್ಯೂಸಿಯಂ ಇದು, ದೇಶದ ಮೂಲೆಮೂಲೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಕಟ್ಟಿದ್ದಾರೆ. ಗುಡ್ಡ ಹತ್ತಿಸುತ್ತದೆ, ಹೇಳಿಬಿಡುತ್ತೇನೆ. ಮಕ್ಕಳಿದ್ದರಂತೂ ಕಣ್ಣು ಮುಚ್ಚಿಕೊಂಡು ದೋಣಿ ಹಿಡಿಯಿರಿ.

ನಡಿಗೆಯದೇ ಬೇರೆ ರುಚಿ. ಸೇತುವೆ ದಾಟಿ ಎಡಕ್ಕೆ, ನೀಲಿ ಕಬ್ಬಿಣದ ಗೇಟಿನೊಳಗೆ ನುಗ್ಗಿದರೆ ಉತ್ತರ ದಡದ ಕಾಲುದಾರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಮರ. ಅಲ್ಲಿಂದ ಮುಂದೆ ರೋಸೆಂಡಾಲ್ ತೋಟ: ಗಾಜುಮನೆಯಲ್ಲಿ ಕಾಫಿ ತಗೊಂಡು, ಟ್ರೇ ಹಿಡಿದು ಸೇಬಿನ ಮರದ ಬುಡದಲ್ಲಿ ಕೂತೆ. ಆ ದಿನ ಒಂದು ಮ್ಯೂಸಿಯಮ್ಮನ್ನೂ ನೋಡಲಿಲ್ಲ, ಬೇಜಾರೂ ಆಗಲಿಲ್ಲ.

ಇನ್ನೊಮ್ಮೆ ಹೋದರೆ ಬೆಳಿಗ್ಗೆ ದೋಣಿ, ಸಂಜೆ ಉತ್ತರ ದಡದಲ್ಲಿ ನಡೆದು ವಾಪಸ್. ವಾಸಾ, ಸ್ಕಾನ್ಸೆನ್ ಎರಡನ್ನೂ ಒಂದೇ ದಿನಕ್ಕೆ ತುರುಕುವ ಕೆಲಸವಂತೂ ಮಾಡಲಾರೆ.