ಭಾನುವಾರದ ಡೈಲಾಗ್ ಆಟ ಸೂಪರ್, ಮಳೆ ಸದ್ದಿಗೆ ಮಾತ್ರ ಏನಾದರೂ ಮಾಡಿ

ಶಿವಮೊಗ್ಗದಲ್ಲಿ ಕನ್ನಡ ಸಿನಿಮಾ ಹುಚ್ಚಿರುವವರು ಯಾರೇ ಇರಲಿ, ಈ ಕೆಫೆಯ ಭಾನುವಾರದ ಆಟಕ್ಕೆ ಒಮ್ಮೆ ಹೋಗಲೇಬೇಕು. ವಿನೋಬನಗರದ ಒಳರಸ್ತೆ, ಮನೆಯ ಮಹಡಿ ಮೇಲೆ ಶೀಟ್ ಹಾಕಿ ಮಾಡಿದ ಜಾಗ. ತಲೆಗೆ 100 ರೂಪಾಯಿ. ಅದರಲ್ಲೇ ಒಂದು ಫಿಲ್ಟರ್ ಕಾಫಿ, ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ. ಓನರ್ ಮೇಡಂ ಯಾವುದೋ ಸಿನಿಮಾದ ಒಂದು ಮಾತು ಓದುತ್ತಾರೆ, ನಾವು ಸಿನಿಮಾದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಆಟ ಇಷ್ಟೇ.

ಆದರೆ ಎಲ್ಲರಿಗೂ ಬಾಯಿಪಾಠ ಆಗಿರುವ ಡೈಲಾಗ್ ಒಂದೂ ಬರುವುದಿಲ್ಲ. 'ನಾಗರಹಾವು' ಇದ್ದರೆ ಜಲೀಲನ ಬುಲ್‌ಬುಲ್ ಇರುವುದಿಲ್ಲ. 'ಭೂತಯ್ಯನ ಮಗ ಅಯ್ಯು' ಇದ್ದರೆ ಲೋಕನಾಥ್ ಅವರ ಉಪ್ಪಿನಕಾಯಿ ಸುದ್ದಿ ಎತ್ತುವುದಿಲ್ಲ. ಪಕ್ಕದ ಮನೆಯವರು, ಅಂಗಡಿಯವನು, ಒಂದೇ ಸೀನಿನಲ್ಲಿ ಬಂದು ಹೋಗುವವರು, ಇಂಥವರ ಮಾತುಗಳನ್ನೇ ಹುಡುಕಿ ತಂದಿರುತ್ತಾರೆ. 'ಮುಂಗಾರು ಮಳೆ'ಯ ಪ್ರೀತಮ್ ತನ್ನ ಮೊಲದ ಜೊತೆ ಮಾತಾಡುತ್ತಾನಲ್ಲ, ಅಂಥ ಮಾತು ಬಂದರೂ ದೇವದಾಸ ಅನ್ನುವ ಹೆಸರು ತೆಗೆದು ಓದುತ್ತಾರೆ. ಆಗ ಅದನ್ನು ಯಾರೋ ಗೆಳೆಯನಿಗೆ ಹೇಳಿದ್ದು ಅಂದುಕೊಂಡು ಇಡೀ ಮೇಜು ಬೇರೆ ದಾರಿ ಹಿಡಿಯುತ್ತದೆ.

ಓದುವ ರೀತಿ ನನಗೆ ತುಂಬಾ ಇಷ್ಟ. ಮಿಮಿಕ್ರಿ ಇಲ್ಲವೇ ಇಲ್ಲ. ರಾಜ್‌ಕುಮಾರ್ ಮಾತನ್ನು ಅವರದೇ ಧಾಟಿಯಲ್ಲಿ ಹೇಳಿದರೆ ಅರ್ಧ ಉತ್ತರ ಕೊಟ್ಟಂತೆ ಅಲ್ವಾ? ಮೇಡಂ ರಾಗ ಎಳೆಯದೆ ಸುಮ್ನೆ ಓದುತ್ತಾರೆ. ಆಗಲೇ ಕಿವಿ ಸರಿಯಾಗಿ ಕೆಲಸ ಮಾಡುವುದು. ಇದು ಯಾವ ಸೀಮೆಯ ಮಾತು, ಯಾರು ಯಾರಿಗೆ ಬಹುವಚನ ಹಾಕುತ್ತಿದ್ದಾರೆ, ದುಡ್ಡಿನ ಲೆಕ್ಕ ಬಂದರೆ ಅದು ಯಾವ ಕಾಲದ ಬೆಲೆ, ಹೀಗೆ ಒಂದೊಂದೇ ಎಳೆ ಹಿಡಿದು ಹೋಗಬೇಕು.

ಒಂದು ವಾರ, ಕಚೇರಿಯವನೊಬ್ಬ ಎದುರಿಗಿದ್ದವನನ್ನು ಸಾಗಹಾಕುವ ಮಾತು ಬಂತು. ಎಷ್ಟೋ ಸಿನಿಮಾಗಳಲ್ಲಿ ಇರಬಹುದಾದ ಮಾತು. ಪಕ್ಕದ ಮೇಜಿನ ಹಿರಿಯರೊಬ್ಬರು ತಡಮಾಡದೆ 'ತಬರನ ಕಥೆ' ಅಂತ ಬರೆದು ಕೊಟ್ಟರು. ತೇಜಸ್ವಿ ಕಥೆ, ಗಿರೀಶ ಕಾಸರವಳ್ಳಿ ನಿರ್ದೇಶನ. ಪಿಂಚಣಿಗಾಗಿ ಅಲೆಯುವ ತಬರನ ಪಾತ್ರಕ್ಕೆ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಅದು ಎಲ್ಲರಿಗೂ ಗೊತ್ತು. ಆದರೆ ತಬರನ ಎದುರಿಗೆ ಕೂತ ಕಚೇರಿಯವನು ಏನಂದ ಅನ್ನುವುದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡವರು ಆ ಸಿನಿಮಾವನ್ನು ಎಷ್ಟು ಮನಸ್ಸಿಟ್ಟು ನೋಡಿರಬೇಕು! ಉತ್ತರ ಹೇಳಿದ ಮೇಲೆ ಆ ಸೀನನ್ನು ಟಿವಿಯಲ್ಲಿ ಹಾಕುತ್ತಾರೆ. ಅವತ್ತು ಅದು ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಾತು ಕೇಳಿದ ಕೂಡಲೇ ಹೇಳಿದರೆ 10 ಪಾಯಿಂಟ್. ಯಾರು ಯಾರಿಗೆ ಹೇಳಿದ್ದು ಅಂತ ಸುಳಿವು ಕೊಟ್ಟ ಮೇಲೆ 5. ವರ್ಷವನ್ನೂ ಹೇಳಿದ ಮೇಲೆ 2. ವರ್ಷ ಗೊತ್ತಾದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ, 1972 ಅಂದರೆ 'ನಾಗರಹಾವು' ಕೂಡ ಆಗಬಹುದು, 'ಬಂಗಾರದ ಮನುಷ್ಯ' ಕೂಡ ಆಗಬಹುದು.

ನಮ್ಮ ಕಡೆಯ ಸಿನಿಮಾಗಳಿಗೆ ಅಂತಲೇ ಒಂದು ಸುತ್ತು ಇದೆ. ಸುಲಭ ಅಂದುಕೊಂಡು ಕೂತರೆ ಅಲ್ಲೇ ಜಾಸ್ತಿ ಪಾಯಿಂಟ್ ಹೋಗುತ್ತದೆ. 'ಸಂಸ್ಕಾರ' (1970) ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದದ್ದು. 'ಘಟಶ್ರಾದ್ಧ' (1977) ನಮ್ಮ ತೀರ್ಥಹಳ್ಳಿ ಕಡೆಯ ಕಾಸರವಳ್ಳಿಯವರದು. ಎರಡಕ್ಕೂ ಮೂಲ ಅನಂತಮೂರ್ತಿ ಬರಹ, ಎರಡರಲ್ಲೂ ಅಗ್ರಹಾರದ ಮಾತು. ಹುಡುಗ ನಾಣಿಯ ಬಾಯಿಂದ ಬಂದ ಮಾತಾದರೆ 'ಘಟಶ್ರಾದ್ಧ' ಅಂತ ಹಿಡಿಯಬಹುದು, ದೊಡ್ಡವರ ಮಾತಾದರೆ ಎರಡರ ನಡುವೆ ಒದ್ದಾಡಬೇಕು. ಪ್ರಶ್ನೆ ಅಂದರೆ ಹೀಗಿರಬೇಕು.

ಎಲ್ಲ ಪ್ರಶ್ನೆಯೂ ಹೀಗಿರುವುದಿಲ್ಲ ಅನ್ನುವುದೇ ನನ್ನ ದೂರು. "ಬಾಗಿಲು ತೆಗಿ", "ಊಟ ಆಯ್ತಾ" ತರಹದ್ದು ಕೇಳಿದರೆ ಯಾವ ಸಿನಿಮಾ ಅಂತ ಬರೆಯುವುದು? ಹೆಚ್ಚು ಜನಕ್ಕೆ ಗೊತ್ತಿಲ್ಲದ ಮಾತು ಬೇಕು, ಸರಿ. ಆದರೆ ಆ ಸಿನಿಮಾದ ಗುರುತು ಅದರಲ್ಲಿ ಒಂಚೂರಾದರೂ ಇರಬೇಕು. ಹೊಸ ಸಿನಿಮಾಗಳೂ ಕಡಿಮೆ. 'ಉಳಿದವರು ಕಂಡಂತೆ', 'ಗಂಟುಮೂಟೆ' ಇಂಥವು ಬಂದರೆ ಕಾಲೇಜು ಹುಡುಗರೂ ಚುರುಕಾಗುತ್ತಾರೆ.

ಮಳೆಗಾಲದಲ್ಲಂತೂ ಶೀಟ್ ಮೇಲೆ ಮಳೆ ಹೊಡೆಯುವಾಗ ಹಿಂದಿನ ಮೇಜಿಗೆ ಒಂದಕ್ಷರವೂ ಕೇಳಿಸುವುದಿಲ್ಲ. ಮಾತನ್ನು ಬೋರ್ಡ್ ಮೇಲೆ ಬರೆದರೆ ಮುಗೀತು, ದಯವಿಟ್ಟು ಬರೆಯಿರಿ. ಕಾಫಿ ಚೆನ್ನಾಗಿದೆ. ಮಿರ್ಚಿ ಬರುವಷ್ಟರಲ್ಲಿ ಆರಿರುತ್ತದೆ.

ಶುರುವಾಗುವುದು 6.30ಕ್ಕೆ, 6ಕ್ಕೇ ಹೋದರೆ ಮುಂದಿನ ಮೇಜು ಸಿಗುತ್ತದೆ. ಒಂದು ತಂಡಕ್ಕೆ 4 ಜನ. ಬರೀ ಗೆಳೆಯರ ಗುಂಪು ಕಟ್ಟಿಕೊಂಡು ಹೋಗಬೇಡಿ, ಮನೆಯಲ್ಲಿ ಅಪ್ಪನೋ ಅತ್ತೆಯೋ ಇದ್ದರೆ ಕರೆದುಕೊಂಡು ಹೋಗಿ, ಎಪ್ಪತ್ತರ ದಶಕದ ಪ್ರಶ್ನೆಗಳೆಲ್ಲ ಅವರ ಪಾಲಿಗೆ.