ವೋಬಾನ್ ಬಡಾವಣೆ: ನಡೆಯುವವರಿಗೆ ಸೈ, ಕಾರಿನವರಿಗೆ ಫಜೀತಿ

ಜರ್ಮನಿಯ ಫ್ರೈಬುರ್ಗ್ ನಗರದ ವೋಬಾನ್ 1992ರವರೆಗೆ ಫ್ರೆಂಚ್ ಸೇನೆಯ ಬ್ಯಾರಕ್ಕು. ಈಗ ಸುಮಾರು 5,500 ಜನರ ಬಡಾವಣೆ. ಇಲ್ಲಿ ಪೂರ್ಣ ಅಂಕ ಪಾರ್ಕಿಂಗ್ ವ್ಯವಸ್ಥೆಗೆ. ಹೆಚ್ಚಿನ ಅಡ್ಡಬೀದಿಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸುವಂತಿಲ್ಲ; ನಡಿಗೆಯ ವೇಗದಲ್ಲಿ ಬಂದು ಸಾಮಾನು ಇಳಿಸಿ ಹೊರಡಬೇಕು. ಕಾರು ಬೇಕೆನ್ನುವವರು ಅಂಚಿನ ಬಹುಮಹಡಿ ಗ್ಯಾರೇಜಿನಲ್ಲಿ ಪ್ರತ್ಯೇಕವಾಗಿ ಜಾಗ ಕೊಳ್ಳಬೇಕು. ‘ಕಾರಿಲ್ಲ’ ಎಂದು ಬರೆದುಕೊಟ್ಟವರಿಗೆ ಆ ಖರ್ಚಿನ ಬಹುಪಾಲು ಉಳಿತಾಯ. ಪಾರ್ಕಿಂಗ್ ಬೆಲೆಯನ್ನು ಮನೆಯ ಬೆಲೆಯೊಳಗೆ ತುರುಕದಿರುವುದೇ ಜಾಣತನ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸ್ಕೂಟರಿನವರೂ ಕಾರಿನ ಜಾಗಕ್ಕೆ ದುಡ್ಡು ಕಟ್ಟುತ್ತಾರಲ್ಲ!

ಟ್ರಾಮ್ ಬಂದದ್ದು 2006ರಲ್ಲಿ. ಹಳಿಗಳ ನಡುವೆ ಹುಲ್ಲು ಬೆಳೆಸಿರುವುದರಿಂದ ಸದ್ದು ಕಡಿಮೆ, ಮಳೆನೀರೂ ಇಂಗುತ್ತದೆ. ದಿನಸಿ, ಶಾಲೆ ಕಾಲ್ನಡಿಗೆಯ ದೂರದಲ್ಲಿವೆ. ಬುಧವಾರ ಚೌಕದಲ್ಲಿ ರೈತರ ಸಂತೆ. ಹಲವು ನಿವೇಶನಗಳನ್ನು ದೊಡ್ಡ ಬಿಲ್ಡರುಗಳ ಬದಲು ಕುಟುಂಬಗಳ ಗುಂಪುಗಳಿಗೇ ಮಾರಿದ್ದರು. ಹಾಗಾಗಿ ನಕ್ಷೆ ಬರೆಸುವ ಹಂತದಲ್ಲೇ ನೆರೆಹೊರೆಯವರ ಪರಿಚಯ, ಜಗಳ ಎರಡೂ ಮುಗಿದಿರುತ್ತದೆ.

ಕೊರತೆಗಳೂ ಇವೆ. ಸಾಮಾನು ಇಳಿಸುವ ನೆಪದಲ್ಲಿ ಬಂದ ಕಾರು ಅಲ್ಲೇ ಠಿಕಾಣಿ ಹೂಡುವುದುಂಟು. ಕಣ್ಗಾವಲು ಸಡಿಲಾದರೆ ನಿಯಮವೂ ಸಡಿಲ. ಮನೆ ಬೆಲೆಯಂತೂ ದುಬಾರಿ.