ಸೆಫ್, ಡಿಆರ್‌ಬಿಡಿ, ಝಡ್‌ಎಫ್‌ಎಸ್: ಪವರ್ ಕೇಬಲ್ ಎಳೆದು ನೋಡಿದಾಗ

ಪ್ರಾಕ್ಸ್‌ಮಾಕ್ಸ್ ಅಂದರೆ ಸರ್ವರ್‌ಗಳ ಮೇಲೆ ವಿಎಂ (ವರ್ಚುವಲ್ ಕಂಪ್ಯೂಟರ್) ಓಡಿಸುವ ಸಾಫ್ಟ್‌ವೇರ್. ಅದರ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಸರ್ವರ್‌ಗಳ ಗುಂಪು) ಎಚ್‌ಎ (ಹೈ ಅವೈಲಬಿಲಿಟಿ) ಆನ್ ಮಾಡಿದ್ದರೆ, ಒಂದು ಸರ್ವರ್ ಸತ್ತಾಗ ಅದರ ವಿಎಂ ಇನ್ನೊಂದರಲ್ಲಿ ತಾನಾಗೇ ಏಳುತ್ತದೆ. ಸರಿ, ಆದರೆ ಡೇಟಾ?

ಡೇಟಾದ ಪ್ರತಿಯನ್ನು ಬೇರೆ ಸರ್ವರ್‌ಗಳಲ್ಲೂ ಇಡುವ ಮೂರು ದಾರಿ ಸೆಫ್, ಡಿಆರ್‌ಬಿಡಿ, ಝಡ್‌ಎಫ್‌ಎಸ್ ರೆಪ್ಲಿಕೇಶನ್. ಮೂರು ಸರ್ವರ್ ಇಟ್ಟುಕೊಂಡು ಮೂರನ್ನೂ ಹಾಕಿ ನೋಡಿದೆ. ವಿಎಂ ಒಳಗೆ ಸೆಕೆಂಡಿಗೊಂದು ಸಾಲು ಬರೆದು, ಎಫ್‌ಸಿಂಕ್ ಮಾಡಿ (ಅಂದರೆ ಡಿಸ್ಕ್‌ಗೆ ಬಿದ್ದಿದೆ ಅಂತ ಖಾತ್ರಿ ಮಾಡಿಕೊಂಡು), ಆಮೇಲೆ ಅದೇ ಸಾಲನ್ನು ನನ್ನ ಲ್ಯಾಪ್‌ಟಾಪ್ ಪರದೆಗೆ ಕಳಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ, ಸರ್ವರಿನ ಪವರ್ ಕೇಬಲ್ ಎಳೆಯುವುದು. ಪರದೆಯಲ್ಲಿ ಕಂಡ ಕೊನೆಯ ಸಾಲು, ವಿಎಂ ಮತ್ತೆ ಎದ್ದ ಮೇಲೆ ಫೈಲಿನಲ್ಲಿ ಇರಲೇಬೇಕು.

ಏಳುವ ಹೊತ್ತು ಮೂರರಲ್ಲೂ ಹೆಚ್ಚುಕಡಿಮೆ ಒಂದೇ, 2 ನಿಮಿಷದ ಆಸುಪಾಸು. ಸತ್ತ ಸರ್ವರ್ ನಿಜಕ್ಕೂ ನಿಂತಿದೆ ಅಂತ ಖಾತ್ರಿಯಾಗುವವರೆಗೆ ಕ್ಲಸ್ಟರ್ ಕಾಯುತ್ತದೆ, ಕಾಯಲೇಬೇಕು. ಹಾಗಾಗಿ ವೇಗ ನೋಡಿ ಆರಿಸಬೇಡಿ.

ಝಡ್‌ಎಫ್‌ಎಸ್ ರೆಪ್ಲಿಕೇಶನ್ ಹಾಕುವುದು ತುಂಬಾ ಸುಲಭ. ಆದರೆ ಅದು ಆಗಾಗ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಕಳಿಸುತ್ತದೆ ಅಷ್ಟೇ: ಸುಮ್ನೆ ಬಿಟ್ಟರೆ 15 ನಿಮಿಷಕ್ಕೊಮ್ಮೆ, ಬಿಗಿ ಮಾಡಿದರೂ 1 ನಿಮಿಷ. ಕೊನೆಯ ಸಿಂಕ್ ಆದಮೇಲಿನ ಸಾಲುಗಳೆಲ್ಲ ಮಾಯ. ಅಪರೂಪಕ್ಕೆ ಬದಲಾಗುವ ಡಿಎನ್‌ಎಸ್ (ವೆಬ್ ಹೆಸರಿನ ವಿಳಾಸ ಹೇಳುವ) ಸರ್ವರ್‌ಗೆ ಸಾಕು, ಬಿಲ್ಲಿಂಗ್ ಡೇಟಾಬೇಸ್‌ಗೆ ದಯವಿಟ್ಟು ಬೇಡ.

ಸೆಫ್‌ನಲ್ಲಿ ಒಂದು ಸಾಲೂ ಹೋಗಲಿಲ್ಲ. ಆದರೆ ಸತ್ತ ಡಿಸ್ಕ್‌ಗಳನ್ನು 'ಡೌನ್' ಅಂತ ಗುರುತಿಸುವವರೆಗೆ, ಅಂದರೆ ಸುಮಾರು 20 ಸೆಕೆಂಡ್, ಉಳಿದ ಸರ್ವರ್‌ಗಳ ವಿಎಂಗಳೂ ತಡವರಿಸಿದವು. ಮೂರು ಪ್ರತಿ, ಮೂರೇ ಸರ್ವರ್ ಅಂದರೆ ಹೋದ ಪ್ರತಿಯನ್ನು ಮತ್ತೆ ಕಟ್ಟಲು ಬೇರೆ ಸರ್ವರೇ ಇಲ್ಲ. ಆಗ ಇನ್ನೊಂದು ಬಿದ್ದರೆ ಓದುವುದು, ಬರೆಯುವುದು ಎರಡೂ ಪೂರ್ತಿ ನಿಲ್ಲುತ್ತವೆ. ಮಿನ್‌ಸೈಜ್ (ಓದು-ಬರಹ ನಡೆಯಲು ಕನಿಷ್ಠ ಎಷ್ಟು ಪ್ರತಿ ಇರಬೇಕು ಅನ್ನುವ ಸಂಖ್ಯೆ) 2 ಇದ್ದದ್ದನ್ನು 1 ಮಾಡಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ಪವರ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿ, 10 ಗಿಗಾಬಿಟ್ ನೆಟ್‌ವರ್ಕ್, ಪ್ರತಿ ಡಿಸ್ಕ್‌ಗೂ 4 ಜಿಬಿಯಷ್ಟು ರ್‍ಯಾಮ್ ಬೇಕು. ಮನೆಗೆ ತರುವ ಎಸ್‌ಎಸ್‌ಡಿ ಹಾಕಿದರೆ ಡೇಟಾಬೇಸ್ ತೆವಳುತ್ತದೆ.

ಡಿಆರ್‌ಬಿಡಿ 9, ಲಿನ್‌ಸ್ಟೋರ್ (ಡಿಆರ್‌ಬಿಡಿಯನ್ನು ನಿರ್ವಹಿಸುವ ಸಾಧನ) ಜೊತೆ: ಇಲ್ಲೂ ಎಲ್ಲ ಸಾಲೂ ಇತ್ತು. ಪ್ರೋಟೋಕಾಲ್ ಸಿ ಅನ್ನುವ ಸೆಟ್ಟಿಂಗ್ ಇದ್ದರೆ ಪ್ರತಿ ಇರುವ ಎರಡೂ ಸರ್ವರ್‌ನಲ್ಲಿ ಡಿಸ್ಕ್‌ಗೆ ಬಿದ್ದ ಮೇಲೇ ವಿಎಂಗೆ 'ಆಯ್ತು' ಅನ್ನುತ್ತದೆ, ಓದುವುದು ಮಾತ್ರ ಪಕ್ಕದಲ್ಲೇ ಇರುವ ಡಿಸ್ಕ್‌ನಿಂದ. ಹೆದರಬೇಕಾದದ್ದು ಸ್ಪ್ಲಿಟ್‌ಬ್ರೇನ್‌ಗೆ. ನಡುವಿನ ಕೇಬಲ್ ಕಡಿದು ಎರಡೂ ಸರ್ವರ್ 'ನಾನೇ ಪ್ರೈಮರಿ' ಅಂತ ಬರೆಯುತ್ತಾ ಹೋದರೆ ಆಮೇಲೆ ಎರಡನ್ನೂ ಬೆರೆಸಲು ಆಗುವುದಿಲ್ಲ, ಒಂದು ಕಡೆಯದನ್ನು ಬಿಸಾಕಲೇಬೇಕು. ಮೂರನೇ ಸರ್ವರನ್ನು ಡಿಸ್ಕ್ ಇಲ್ಲದ ಟೈಬ್ರೇಕರ್ (ಮತ ಹಾಕಲು ಮಾತ್ರ ಇರುವ ಸರ್ವರ್) ಮಾಡಿ ಕೋರಮ್ (ಬಹುಮತ ಇರುವ ಕಡೆ ಮಾತ್ರ ಬರೆಯಲು ಬಿಡುವ ನಿಯಮ) ಆನ್ ಮಾಡಿದೆ. ನಂತರ ಕೇಬಲ್ ಕಿತ್ತಾಗ ಒಂಟಿಯಾದ ಸರ್ವರ್ ತಾನೇ ಬರೆಯುವುದನ್ನು ನಿಲ್ಲಿಸಿತು.

ನಾನು ಉಳಿಸಿಕೊಂಡದ್ದು ಡಿಆರ್‌ಬಿಡಿ. ನಾಲ್ಕೈದು ಸರ್ವರ್, ಒಳ್ಳೆಯ ಡಿಸ್ಕ್ ಕೈಯಲ್ಲಿದ್ದರೆ ಎರಡು ಮಾತಿಲ್ಲ, ಸೆಫ್ ಹಾಕಿ.